ಮುಸ್ಲಿಂ ಮನ್ಯಾಗ ಹುಟ್ಟದವ್ರ ಗತಿ ಏನು ಅಂತ ಕೇಳಾಕ ಹೋದ ಪುಸ್ತಕದ ಅಂಗಡಿ, ವಿಜಯಪುರ (5ಕ್ಕ 4 ಸ್ಟಾರ್)

ಜೋಡ ಗುಮ್ಮಟದ ಕಡಿ ಹೋಗೋ ದಾರ್ಯಾಗ ಅತ್ತರ್, ಟೋಪಿ, ತಸ್ಬೀಹ್ ಮಾರೋ ಅಂಗಡಿಗೋಳ ನಡುವ ಒಂದು ಪುಸ್ತಕದ ಅಂಗಡಿ ಐತಿ. ಬೋರ್ಡು ಪೂರಾ ಉರ್ದು, ಕೆಳಗ ಸಣ್ಣಗ ಕನ್ನಡದಾಗ ಬರ್ಸಿದ್ದು ಬಿಸಿಲಿಗೆ ಅರ್ಧ ಹಾರಿ ಹೋಗೇತಿ, ಹಂಗಾಗಿ ಹೆಸ್ರು ಹೇಳಿದ್ರೂ ನಿಮಗ ಸಿಗಂಗಿಲ್ಲ, ಅತ್ತರ್ ವಾಸನಿ ಮುಗಿದು ಹಳೇ ಕಾಗದದ ವಾಸನಿ ಎಲ್ಲಿ ಶುರು ಆಗ್ತೈತಿ ಅಲ್ಲಿ ನಿಂತು ಒಳಗ ನೋಡ್ರಿ. ಅಂಗಡಿ ಮಾಲೀಕರಿಗೆ ಎಲ್ಲಾರೂ ಚಾಚಾ ಅಂತಾರ, ನಾನೂ ಹಂಗ ಅಂತೀನಿ. ಮುಂದ ಮಾರಾಟ, ಹಿಂದಿನ ಖೋಲ್ಯಾಗ ಎರಡು ಬೆಂಚು ಒಂದು ಫ್ಯಾನು, ಕುಂತು ಓದಬಹುದು, ಡಿಪಾಸಿಟ್ ಇಟ್ಟು ಮನಿಗೂ ಒಯ್ಯಬಹುದು. ಓದಾಕ ರೊಕ್ಕ ತಗೊಳ್ಳಂಗಿಲ್ಲ.

ಮೊದಲ ಹೇಳಿಬಿಡ್ತೀನಿ, ನಾವು ಲಿಂಗಾಯತರು, ಮೂಲ ಸಿಂದಗಿ ತಾಲೂಕಿನ ಹಳ್ಳಿ, ಈಗ ಇರೋದು ವಿಜಯಪುರದಾಗ. ನಾ ಅಲ್ಲಿಗೆ ಹೋದದ್ದು ಮತಾಂತರ ಆಗಾಕೂ ಅಲ್ಲ, ಯಾರ ಜೋಡಿ ಜಗಳಾಡಾಕೂ ಅಲ್ಲ. ಆಫೀಸಿನ್ಯಾಗ ಜೊತಿ ಕೆಲಸ ಮಾಡೋ ಗೆಳ್ಯಾ ಒಬ್ಬಾವ, ಅಂವಾ ಮುಸಲ್ಮಾನ, ಊಟ ಮಾಡಕೋತ ಏನೋ ಮಾತು ಬಂದು "ನಮ್ಮಂಥವ್ರು ಸತ್ತ ಮ್ಯಾಲ ನಿಮ್ಮ ಲೆಕ್ಕದಾಗ ಎಲ್ಲಿ ಹೋಗ್ತೀವಪಾ" ಅಂತ ಕೇಳಿದ್ರ ಮಾರಿ ಸಣ್ಣ ಮಾಡ್ಕೊಂಡ, ಉತ್ತರ ಹೇಳಲಿಲ್ಲ, ಅದರ ಬದಲಿ ಈ ಅಂಗಡಿ ದಾರಿ ಹೇಳಿದ. ಅಂದ್ರ ಈ ರಿವ್ಯೂ ಒಬ್ಬ ಹೊರಗಿನವಾ ಬರಿಯಾಕತ್ತಿದ್ದು ಅಂತ ತಿಳ್ಕೊಂಡ ಓದ್ರಿ, ದಿನಾ ಹೋಗೋ ಗಿರಾಕಿಗೋಳ ಅಭಿಪ್ರಾಯ ಬ್ಯಾರೆ ಇರಬಹುದು.

ಸ್ಟಾಕ್ ವಿಷಯ. ಮುಕ್ಕಾಲು ಉರ್ದು, ಅದರಾಗೂ ದಪ್ಪ ದಪ್ಪ ತಫ್ಸೀರು (ಕುರ್‌ಆನ್ ವ್ಯಾಖ್ಯಾನ), ಹದೀಸಿನ (ಪೈಗಂಬರರ ನಡೆನುಡಿ ವರದಿ) ಸೆಟ್ಟುಗೋಳು, ಕೆಳಗಿನ ಸಾಲಿನ್ಯಾಗ ಅರಬ್ಬಿ. ಕನ್ನಡಕ್ಕ ಒಂದ ಶೆಲ್ಫು, ಅದೂ ಪೂರ್ತಿ ತುಂಬಿಲ್ಲ. ಮಂಗಳೂರಿನ ಶಾಂತಿ ಪ್ರಕಾಶನದ ಕುರ್‌ಆನ್ ಅನುವಾದ ಐತಿ, ಪೈಗಂಬರರ ಚರಿತ್ರೆ ಐತಿ, ನಮಾಜ್ ಕಲಿಸೋ ಪುಸ್ತಕ, ಮಕ್ಕಳ ಕಥಿ ಪುಸ್ತಕ ಅದಾವ, ಆದ್ರ ನನ್ನ ಪ್ರಶ್ನೆಕ್ಕ ನೇರ ಸಂಬಂಧಪಟ್ಟದ್ದು ಕನ್ನಡದಾಗ ಏನೂ ಇರಲಿಲ್ಲ. ಇದು ಅಂಗಡಿದು ತಪ್ಪಲ್ಲ, ಛಾಪಿಸೋರದು. ಸಾವಿರ ವರ್ಷ ದೊಡ್ಡ ದೊಡ್ಡ ಪಂಡಿತರು ತಲಿ ಕೆಡಿಸಿಕೊಂಡ ವಿಷಯ, ನಮ್ಮ ಭಾಷಾದಾಗ ಒಂದು ನೂರು ಪಾನಿಂದು ಪುಸ್ತಕ ಬ್ಯಾಡೇನ್ರಿ?

ಅದರ ಬದಲಿ ಏನಿತ್ತಂದ್ರ ಕೌಂಟರ್ ಮ್ಯಾಲ ಫುಕಟ್ ಹಂಚೋ ಒಂದು ಪಾಂಪ್ಲೆಟ್. ಯಾರು ಛಾಪಿಸ್ಯಾರ ಅಂತ ಹೆಸ್ರಿಲ್ಲ ಊರಿಲ್ಲ. ಇಸ್ಲಾಂ ಬಿಟ್ಟು ಬ್ಯಾರೆ ಯಾವ ಧರ್ಮಾನೂ ದೇವರು ಒಪ್ಪಂಗಿಲ್ಲ ಅನ್ನೋ ಕುರ್‌ಆನಿನ 3ನೇ ಸೂರಾದ (ಅಧ್ಯಾಯದ) 85ನೇ ಆಯತ್ (ವಾಕ್ಯ) ಒಂದು ಬರ್ದು, ಹಂಗಾಗಿ ಉಳಿದವರೆಲ್ಲಾ ಜಹನ್ನಮ್ ಅಂದ್ರ ನರಕಕ್ಕ, ಮುಗೀತು. ಅದನ್ನ ಹಿಡ್ಕೊಂಡ ಚಾಚಾ ಮುಂದ ಹೋಗಿ "ಚಾಚಾ ಇಷ್ಟನ ಏನ್ರಿ ನಿಮ್ಮದು?" ಅಂದೆ. ಚಾಚಾ ಚಷ್ಮಾ ಏರಿಸಿ ಓದಿದ್ರು, "ಆಯತ್ ಖರೇ ಐತಿ ತಮ್ಮಾ, ಆದ್ರ ಇಂವಾ ಕುರ್‌ಆನ್ ಓದೂದು ಒಂದ ಆಯತ್‌ಗೆ ನಿಲ್ಲಿಸ್ಯಾನ" ಅಂದು, ಕನ್ನಡ ಕುರ್‌ಆನ್ ತಗದು ನನ್ನ ಕೈಯಾಗ ಕೊಟ್ಟು 2ನೇ ಸೂರಾದ 62 ತಗಿ ಅಂದ್ರು. ಅಲ್ಲಿ ನೋಡಿದ್ರ ಮುಸಲ್ಮಾನರು, ಯಹೂದ್ಯರು, ಕ್ರೈಸ್ತರು, ಸಾಬಿಯರು (ಆಗಿನ ಕಾಲದ ಇನ್ನೊಂದು ಧರ್ಮದವ್ರು), ಇವ್ರಾಗ ಯಾರು ದೇವರನ್ನೂ ಕಡೀ ದಿನಾನೂ ನಂಬಿ ಒಳ್ಳೇ ಕೆಲಸ ಮಾಡ್ತಾರ ಅವ್ರಿಗೆ ಅವ್ರ ಫಲ ದೇವರ ಹತ್ರ ಐತಿ, ಅವ್ರಿಗೆ ಅಂಜಿಕಿ ಇಲ್ಲ ಅಂತ ಐತಿ. 5ನೇ ಸೂರಾದ 69ರಾಗೂ ಹೆಚ್ಚುಕಡಿಮಿ ಅದ ಮಾತು.

ಈಗ ಇಲ್ಲಿ ನನಗ ಈ ಅಂಗಡಿ ಹಿಡಿಸಿದ್ದು. ಬ್ಯಾರೆ ಯಾರರ ಆಗಿದ್ರ ಇದೊಂದು ಆಯತ್ ತೋರ್ಸಿ "ನೋಡ್ರಿ ನಮ್ಮದು ಎಷ್ಟು ವಿಶಾಲ" ಅಂತ ಚಹಾ ಕುಡಿಸಿ ಕಳಿಸಿರ್ತಿದ್ರು. ಚಾಚಾ ಹಂಗ ಮಾಡಲಿಲ್ಲ. ಈ 62ನೇ ಆಯತ್ ಪೈಗಂಬರ್ ಮುಹಮ್ಮದರು ಬರೋಕಿಂತ ಮುಂಚೆ ಇದ್ದವ್ರಿಗೆ ಸಂಬಂಧಪಟ್ಟದ್ದು ಅಂತ ಹೇಳೋರು ಭಾಳ ಮಂದಿ ಅದಾರ, 85ನೇ ಆಯತ್ ಬಂದ ಮ್ಯಾಲ ಇದು ರದ್ದಾತು ಅಂತ ಪೈಗಂಬರರ ಸಂಗಾತಿ ಇಬ್ನ್ ಅಬ್ಬಾಸರ ಹೆಸ್ರಿನ ಮ್ಯಾಲ ಒಂದು ವರದಿನೂ ಐತಿ, ಹಳೇ ಕಾಲದ ಕುರ್‌ಆನ್ ವ್ಯಾಖ್ಯಾನಕಾರ ತಬರಿ ಅದನ್ನ ಒಪ್ಪಂಗಿಲ್ಲ, ನಮ್ಮ ಕಾಲದಾಗ ಮೌಲಾನಾ ಅಬುಲ್ ಕಲಾಂ ಆಜಾದರು ಎಲ್ಲಾ ಧರ್ಮದ ತಿರುಳು ಒಂದ, ಶರಿಯತ್ತು ಅಂದ್ರ ನಡಾವಳಿ ಕಾಯ್ದೆ ಬ್ಯಾರೆ ಬ್ಯಾರೆ ಅಂತ ಅಗಲಾಗಿ ಓದಿದ್ರು, ಅದಕ್ಕ ಅವ್ರ ಮ್ಯಾಲ ಬಾಳ ಮಂದಿ ಸಿಟ್ಟೂ ಆದ್ರು. ಹಿಂಗ ಪರ ವಿರೋಧ ಎರಡೂ ಟೇಬಲ್ ಮ್ಯಾಲ ಇಟ್ಟು, ನಡುವ ಇಬ್ಬರು ಗಿರಾಕಿಗೆ ಸುರ್ಮಾ ಬಾಟ್ಲಿ ಕಟ್ಟಿಕೊಟ್ಟು, ಮತ್ತ ಬಂದು ಕುಂತ್ರು.

ಆಮ್ಯಾಲ ಬಂತು ಇಮಾಂ ಗಜಾಲಿ ಮಾತು. ಇವ್ರು ತೀರಿಕೊಂಡದ್ದು 1111ರಾಗ, ಬಗ್ದಾದಿನ ದೊಡ್ಡ ಮದ್ರಸಾದಾಗ ಪಾಠ ಹೇಳಿದವ್ರು, ಯಾರೂ ಹಗುರ ಮಾಡಿ ಮಾತಾಡೋ ಹೆಸ್ರಲ್ಲ. ಇವ್ರು ಇಸ್ಲಾಂ ಹೊರಗಿನವ್ರನ್ನ ಮೂರು ಗುಂಪು ಮಾಡ್ತಾರ. ಪೈಗಂಬರರ ಹೆಸ್ರನ್ನ ಕೇಳದವ್ರು, ಇವ್ರಿಗೆ ಮಾಫಿ. ಹೆಸ್ರು, ಗುಣ, ಪವಾಡ ಎಲ್ಲಾ ಸರಿಯಾಗಿ ಗೊತ್ತಿದ್ದು, ಮುಸಲ್ಮಾನರ ಬಾಜೂಕ ಇದ್ದು, ಒಲ್ಲೆ ಅಂದವ್ರು, ಇವ್ರ ಮ್ಯಾಲ ಹೊಣಿ ಐತಿ. ಮೂರನೇದವ್ರು ಹೆಸ್ರು ಕೇಳ್ಯಾರ ಆದ್ರ ಸಣ್ಣಂದಿರತ್ಲೆ ಕೇಳಿದ್ದೆಲ್ಲಾ ಉಲ್ಟಾ, ಮೋಸಗಾರ ಇದ್ದ ಸುಳ್ಳ ಹೇಳ್ದ ಅಂತನ ಕೇಳಿ ಬೆಳದವ್ರು, ಇವ್ರೂ ಮೊದಲ್ನೇ ಗುಂಪಿನವ್ರಂಗ, ಯಾಕಂದ್ರ ಹುಡುಕಬೇಕು ಅನ್ನೋ ಆಸೆ ಹುಟ್ಟೋವಂಥಾದ್ದು ಅವ್ರ ಕಿವಿಗೆ ಬಿದ್ದೇ ಇಲ್ಲ. ತಮ್ಮ ಕಾಲದ ರೋಮಿನ (ಅಂದ್ರ ಬೈಜಾಂಟಿನ್ ರಾಜ್ಯದ) ಕ್ರೈಸ್ತರು, ತುರ್ಕರು, ಇವ್ರಾಗ ಬಾಳ ಮಂದಿ ದೇವರ ದಯಾದಾಗ ಸೇರ್ತಾರ ಅಂತ ಗಜಾಲಿ ಬರೀತಾರ. ಇದಕ್ಕೆಲ್ಲಾ ಬುನಾದಿ ಅಂದ್ರ 17ನೇ ಸೂರಾದ 15, ಒಬ್ಬ ದೂತನ್ನ ಕಳಿಸೂತನಕ ನಾವು ಯಾರಿಗೂ ಶಿಕ್ಷಾ ಕೊಡೂದಿಲ್ಲ ಅಂತ.

ಕೇಳಾಕ ಛಲೋ ಐತಿ. ಆದ್ರ ನಾ ಅಲ್ಲೇ ಅಡ್ಡ ಬಿದ್ದೆ. ಏನ್ ಚಾಚಾ, ವಿಜಾಪುರದಾಗ ಹುಟ್ಟಿ ಯಾರರ ಹೆಸ್ರ ಕೇಳಿಲ್ಲ ಅನ್ನಾಕ ಆಗ್ತೈತೇನು, ಐದು ಹೊತ್ತು ಆಜಾನು ಕೇಳ್ತೈತಿ, ಎತ್ತ ನೋಡಿದ್ರೂ ಗುಮ್ಮಟ ಕಾಣ್ತಾವು, ಅಂದ್ರ ಗಜಾಲಿ ಲೆಕ್ಕದಾಗ ನಾವೆಲ್ಲಾ ಎರಡನೇ ಗುಂಪು, ಬಾಜೂಕ ಇದ್ದೂ ಒಲ್ಲೆ ಅಂದವ್ರು, ಅಂದ್ರ ದೂರದ ರೋಮಿನವ್ರಿಗೆ ಮಾಫಿ, ಓಣಿಯವ್ರಿಗೆ ಇಲ್ಲ?

ನಾ ಕೇಳಿದ್ದು ನಮ್ಮ ಆಯಿ ಸಲುವಾಗಿ. ನಮ್ಮ ತಂದಿಯ ತಾಯಿ ಆಕಿ, ತೀರಿಕೊಂಡು ಭಾಳ ವರ್ಷ ಆತು. ಸಾಲಿ ಕಟ್ಟಿ ಹತ್ತಿದಾಕಿ ಅಲ್ಲ, ಇಷ್ಟಲಿಂಗ ಪೂಜಾ ಬಿಟ್ಟು ನೀರು ಕುಡೀತಿರಲಿಲ್ಲ, ಮತ್ತ ನಮ್ಮೂರಾಗ ಮೊಹರಂ ಬಂತಂದ್ರ ಚೋಂಗೆ ಮಾಡಿ ಅಲಾಯಿ ದೇವರಿಗೆ ಸಕ್ಕರಿ ಓದಿಸಿಕೊಂಡ ಬರ್ತಿದ್ಳು. ಈ ಕಡಿ ಹಳ್ಳಿಗೋಳಾಗ ಇದೇನು ಹೊಸಾದಲ್ಲ, ಮುಸಲ್ಮಾನರ ಮನಿ ಒಂದೂ ಇಲ್ಲದ ಊರಾಗೂ ಅಲಾಯಿ ಕೂಡಸ್ತಾರ, ಹೆಜ್ಜಿ ಹಾಕೋರು ರಿವಾಯತ್ ಹಾಡೋರು ಎಲ್ಲಾ ನಮ್ಮ ಮಂದೀನ. ಆಕಿಗೆ ಇಸ್ಲಾಂ ಅಂದ್ರ ಅಷ್ಟ, ಹಸೇನಿ ಹುಸೇನಿ, ಸಕ್ಕರಿ, ಓಣಿಯ ದಾದಿಮಾ. ಸಂದೇಶ ಮುಟ್ಟೇತಿ ಅನ್ಬೇಕೋ ಇಲ್ಲ ಅನ್ಬೇಕೋ?

ಚಾಚಾ ಉತ್ತರ ಕೊಡೋಕಿಂತ ಮೊದಲ ಬೆಂಚಿನ ಮ್ಯಾಲಿದ್ದ ಒಬ್ಬ ತರುಣ ಹುಡುಗ ಎದ್ದ, ಗಡ್ಡ ಬಿಟ್ಟಿದ್ದ, ಇಂಜಿನಿಯರಿಂಗ್ ಓದ್ತಿದ್ದಂಗ ಕಾಣ್ತಿದ್ದ. "ಅಣ್ಣಾರ, ತಪ್ಪ ತಿಳೀಬ್ಯಾಡ್ರಿ, ಸಹೀಹ್ ಮುಸ್ಲಿಂ ಅನ್ನೋ ಹದೀಸ್ ಗ್ರಂಥದಾಗ ಸಾಫ್ ಐತಿ, ಯಹೂದಿ ಇರಲಿ ಕ್ರೈಸ್ತ ಇರಲಿ ಪೈಗಂಬರರ ಬಗ್ಗೆ ಕೇಳಿ ಆಮ್ಯಾಲ ನಂಬದ ಸತ್ರ ಬೆಂಕಿ" ಅಂದ. ಖರೇ ಹೇಳಬೇಕಂದ್ರ ನನಗ ಸಿಟ್ಟು ಬರಲಿಲ್ಲ, ಎದುರಿಗೆ ನಿಂತು ಹೇಳಿದ್ನಲ್ಲ, ನನ್ನ ಗೆಳ್ಯಾನಂಗ ಮಾರಿ ತಿರುವಲಿಲ್ಲ. ಚಾಚಾ ಅವನಿಗೆ ಬೈಲಿಲ್ಲ, ಹದೀಸ್ ಸಹೀ ಐತಿ ಅಂತ ಒಪ್ಪಿಕೊಂಡು, ಅದಕ್ಕ ಹದೀಸ್ ವ್ಯಾಖ್ಯಾನಕಾರ ಇಮಾಂ ನವವಿ ಏನ ಬರ್ದಾರ ಅದನ್ನೂ ಓದು ಅಂತ ದಪ್ಪ ಪುಸ್ತಕ ಇಳಿಸಿದ್ರು. ನವವಿ ಬರೀತಾರ, ಈ ಹದೀಸಿನಿಂದನ ತಿಳಿಯೋದೇನಂದ್ರ ಇಸ್ಲಾಮಿನ ಕರೆ ಯಾರಿಗೆ ಮುಟ್ಟಿಲ್ಲ ಅವ್ರಿಗೆ ಮಾಫಿ ಐತಿ. ಹುಡುಗ ಮುಟ್ಟೋದು ಅಂದ್ರ ಕಿವಿಗೆ ಬಿದ್ರ ಸಾಕು ಅಂದ, ಚಾಚಾ ಸಾಲಂಗಿಲ್ಲ ಅಂದ್ರು, ಅಜಾನ್ ಸಪ್ಪಳ ಕೇಳೋದು ಬ್ಯಾರೆ, ಅದರ ಒಳಗಿನ ಮಾತು ತಿಳಿಯೋ ಭಾಷಾದಾಗ, ಕಿವಿಗೊಡೋವಂಥ ಮಂದಿ ಬಾಯಿಂದ ಕೇಳೋದು ಬ್ಯಾರೆ, ನಾವು ನಮ್ಮ ನೆರಿಹೊರಿಯವ್ರಿಗೆ ಅದನ್ನ ಹೇಳಿವೇನು ಮೊದಲ, ಆ ಹೊಣಿ ಯಾರದು? ಇಬ್ಬರೂ ಉರ್ದುಕ್ಕ ಹೊಳ್ಳಿದ್ರು, ಅರ್ಧ ನನಗ ತಿಳೀಲಿಲ್ಲ, ಆದ್ರ ಕೊನೀಗೂ ಒಬ್ಬರಿಗೊಬ್ಬರು ಒಪ್ಪಲಿಲ್ಲ ಅನ್ನೋದಂತೂ ಗೊತ್ತಾತು. ಇಂಥ ವಾದ ಗಿರಾಕಿ ಮುಂದ ಮುಚ್ಚಿಡದ ಮಾಡ್ತಾರಂದ್ರ ಅದಕ್ಕ ಒಂದು ಸ್ಟಾರ್ ಬ್ಯಾರೇನ ಕೊಡಬೇಕು.

ಆಯಿ ವಿಷಯ ಇನ್ನೂ ಒಂದು ಐತಿ. ಆಕಿಯ ಎರಡು ಕೂಸು ಸಣ್ಣವಿದ್ದಾಗ ತೀರಿಹೋಗಿದ್ದುವು. ಆ ಕೂಸುಗೋಳು? ಇದಕ್ಕ ಚಾಚಾ ತಡ ಮಾಡಲಿಲ್ಲ. ಪ್ರತಿಯೊಂದು ಕೂಸೂ ಫಿತ್ರತ್ (ದೇವರು ಕೊಟ್ಟ ಹುಟ್ಟು ಸ್ವಭಾವ) ಮ್ಯಾಲ ಹುಟ್ತೈತಿ, ತಂದಿತಾಯಿ ಅದನ್ನ ಯಹೂದಿ ಕ್ರೈಸ್ತ ಮಜೂಸಿ (ಪಾರ್ಸಿ ಧರ್ಮದವ) ಮಾಡ್ತಾರ ಅನ್ನೋ ಹದೀಸು ಬುಖಾರಿ ಮುಸ್ಲಿಂ ಎರಡೂ ಹದೀಸ್ ಗ್ರಂಥದಾಗ ಐತಿ. ಮತ್ತ ಬುಖಾರಿದಾಗ ಪೈಗಂಬರರು ಕಂಡ ಒಂದು ಕನಸಿನ ಹದೀಸು, ಒಂದು ತ್ವಾಟದಾಗ ಇಬ್ರಾಹಿಂ ಪೈಗಂಬರ್ ನಿಂತಾರ, ಸುತ್ತಲೂ ಮಕ್ಕಳು, ಫಿತ್ರತ್ ಮ್ಯಾಲ ಸತ್ತ ಮಕ್ಕಳು. ಅಲ್ಲಿದ್ದವ್ರು ಕೇಳ್ತಾರ, ಮೂರ್ತಿಪೂಜಾ ಮಾಡೋರ ಮಕ್ಕಳೂನಾ? ಹೌದು, ಅವ್ರ ಮಕ್ಕಳೂ. ಬ್ಯಾರೆ ಅಭಿಪ್ರಾಯ ಇದ್ದವ್ರೂ ಅದಾರ ಆದ್ರ ನವವಿ ಇದನ್ನ ಸರಿ ಅಂದಾರ.

ಸರಿ ಹಂಗಾರ, ಕೂಸುಗೋಳು ಇಬ್ರಾಹಿಮರ ಹತ್ರ ತ್ವಾಟದಾಗ, ಹಡದಾಕಿ? ಎರಡೂ ಕೂಸಿನ ಮಣ್ಣು ಮಾಡಿ ಬಂದು ಮತ್ತ ಹೊಲಕ್ಕ ಹೋದಾಕಿ, ಮಂದಿಗೆ ಮಜ್ಜಗಿ ಇಲ್ಲ ಅಂದಾಕಿ ಅಲ್ಲ, ಆಕಿ ಬ್ಯಾರೆ ಕಡೆನಾ? ಇದನ್ನ ನಾ ಸ್ವಲ್ಪ ಜೋರಾಗೇ ಕೇಳಿರಬೇಕು, ಮುಂದ ಅತ್ತರ್ ನೋಡ್ತಿದ್ದ ಹೆಣ್ಮಕ್ಕಳು ಹೊಳ್ಳಿ ನೋಡಿದ್ರು. ಚಾಚಾ ಆಕಿ ಜನ್ನತ್‌ಕ್ಕ ಹೋಗ್ಯಾಳ ಅಂತ ಹೇಳಲಿಲ್ಲ. ಹೇಳಿದ್ರ ನನಗ ಖುಷಿ ಆಗ್ತಿತ್ತೋ ಏನೋ, ಆದ್ರ ನಂಬ್ತಿರಲಿಲ್ಲ. 5ನೇ ಸೂರಾದ 118 ಓದಿಸಿದ್ರು, ಈಸಾ (ಯೇಸು) ಪೈಗಂಬರ್ ತಮ್ಮ ಮಂದಿ ಸಲುವಾಗಿ ದೇವರ ಮುಂದ ಹೇಳೋ ಮಾತು, ನೀ ಶಿಕ್ಷಾ ಕೊಟ್ರ ಅವ್ರು ನಿನ್ನ ದಾಸರು, ಮಾಫ್ ಮಾಡಿದ್ರ ನೀ ಬಲ್ಲಿದ, ನೀ ಜಾಣ. ಪೈಗಂಬರ್ ಮುಹಮ್ಮದರು ಒಂದು ರಾತ್ರಿ ಪೂರಾ ಇದೊಂದ ಆಯತ್ ಹೇಳಕೋತ ನಮಾಜಿಗೆ ನಿಂತಿದ್ರಂತ, ಹದೀಸಿನ್ಯಾಗ ಐತಿ. ಉತ್ತರ ಅಂತ ನಾ ಇದನ್ನ ಒಪ್ಪಂಗಿಲ್ಲ, ನನಗ ಗಜಾಲಿ ಲೆಕ್ಕನ ಗಟ್ಟಿ ಅನಿಸ್ತು, ಆದ್ರ ಆ ಪಾಂಪ್ಲೆಟ್ ಬರದಾವ ಈ ಆಯತ್ ಒಮ್ಮಿ ಓದಿದ್ರ ಅಷ್ಟು ಧೈರ್ಯಾದಿಂದ ಜಹನ್ನಮ್ ಹಂಚ್ತಿದ್ದಿಲ್ಲ.

ಇನ್ನ ನ್ಯಾಯದ ಪ್ರಶ್ನೆ. ಪಾಠನ ಹೇಳಿಕೊಡದ ಪರೀಕ್ಷಾ ಇಟ್ಟು ನಪಾಸ್ ಮಾಡಿದ್ರ ಅದು ನ್ಯಾಯ ಹೆಂಗ ಅಂತ ಕೇಳಿದೆ. ಇದು ಭಾಳ ಹಳೇ ಜಗಳ ಅಂತ ಗೊತ್ತಾತು. ಮುಅತಝಿಲಾ ಅಂತ ಒಂದು ಪಂಥ ಇತ್ತು, ದೇವರ ನ್ಯಾಯ ಅನ್ನೋದು ಅವ್ರ ಐದು ಮೂಲ ತತ್ವದಾಗ ಒಂದು, ದೇವರು ಅನ್ಯಾಯ ಮಾಡಂಗೇ ಇಲ್ಲ ಅಂತ ವಾದಿಸಿದವ್ರು. ನಾನು ಇವ್ರ ನಮ್ಮ ಕಡಿ ಅಂದ್ಕೊಂಡೆ. ಆದ್ರ ಮಜಾ ಏನಂದ್ರ ಇವ್ರು ಬುದ್ಧಿ ಒಂದಿದ್ರ ಸಾಕು, ದೇವರೊಬ್ಬ ಅದಾನ ಅಂತ ದೂತ ಬರದಿದ್ರೂ ತಿಳ್ಕೋಬೇಕು ಅಂತಾರ, ಹಂಗಾಗಿ ಕಾಡಿನ್ಯಾಗ ಇದ್ದವ್ನಿಗೂ ಹೊಣಿ ಬಿತ್ತು. ಈ ಒಂದು ವಿಷಯದಾಗ ಮಾತುರೀದಿ ಪಂಥದ ಭಾಳ ಮಂದಿ, ಅಂದ್ರ ನಮ್ಮ ದೇಶದ ಹನಫಿಗೋಳು ನಡಿಯೋ ದಾರಿ, ಇವ್ರ ಹತ್ರಾನ ಬರ್ತಾರ. ಆದ್ರ ದೇವರು ಏನ ಮಾಡಿದ್ರೂ ಅದ ನ್ಯಾಯ, ನಮ್ಮ ಅಳತಿ ಅವನಿಗಿಲ್ಲ ಅನ್ನೋ ಅಶ್ಅರಿ ಪಂಥದವ್ರು 17:15 ಹಿಡ್ಕೊಂಡು ದೂತ ಮುಟ್ಟದವನಿಗೆ ಯಾವ ಹೊಣೀನೂ ಇಲ್ಲ ಅಂದ್ರು. ನ್ಯಾಯ ನ್ಯಾಯ ಅಂದವ್ರು ಬಿಗಿ, ನ್ಯಾಯ ಕೇಳಬ್ಯಾಡ ಅಂದವ್ರು ಸಡಿಲ! ನಾ ನಕ್ಕೆ, ಚಾಚಾನೂ ನಕ್ರು. ದೂತ ಬರದ ನಡುವಿನ ಕಾಲದವ್ರು, ಕಿವುಡರು, ಬುದ್ಧಿ ಇಲ್ಲದವ್ರು, ಅರಳುಮರಳು ಆದವ್ರು, ಇವ್ರಿಗೆ ಕಯಾಮತ್ (ಕಡೀ ತೀರ್ಪಿನ) ದಿನಾನ ಬ್ಯಾರೆ ಪರೀಕ್ಷಾ ಇಡ್ತಾನ ಅಂತ ಹದೀಸ್ ಗ್ರಂಥ ಮುಸ್ನದ್ ಅಹ್ಮದ್‌ದಾಗ ಹದೀಸ್ ಐತಿ, ಅದಕ್ಕೂ ಇಬ್ನ್ ಅಬ್ದುಲ್ ಬರ್ರ್ ಅನ್ನೋ ಪಂಡಿತರು ಆ ಲೋಕ ಫಲದ ಜಾಗ, ಪರೀಕ್ಷಾ ಜಾಗ ಅಲ್ಲ ಅಂತ ತಕರಾರು ತಗದಾರ.

ಮೂರ್ತಿಪೂಜಾ ವಿಷಯಕ್ಕ ಬಂದ್ರ ಚಾಚಾ ಮೆತ್ತಗ ಆಗಲಿಲ್ಲ, ಶಿರ್ಕ್, ಅಂದ್ರ ದೇವರ ಸರಿಸಮ ಇನ್ನೊಬ್ಬರನ್ನ ಇಡೋದು, ಮಾಫ್ ಇಲ್ಲ ಅಂತ 4ನೇ ಸೂರಾದ 48 ತಾವ ತೋರ್ಸಿದ್ರು. ಅದ ಉಸಿರಿನ್ಯಾಗ ದಿಲ್ಲಿಯ ಮಿರ್ಜಾ ಮಜ್ಹರ್ ಜಾನೆ ಜಾನಾಂ ಅವರ ಹೆಸ್ರು ತಗದ್ರು, 1781ರಾಗ ತೀರಿಕೊಂಡ ನಕ್ಷಬಂದಿ ಸೂಫಿ, ದೂತ ಬರದ ಯಾವ ಸಮುದಾಯನೂ ಇಲ್ಲ ಅಂತ ಕುರ್‌ಆನ್ ಹೇಳಿದ ಮ್ಯಾಲ ಹಿಂದುಸ್ತಾನಕ್ಕೂ ಬಂದಿರಬೇಕು, ವೇದನೂ ದೇವರ ಕಡಿಂದನ ಅಂತ ಬರದವ್ರು, ಆದ್ರ ಪೈಗಂಬರರು ಬಂದ ಮ್ಯಾಲ ಆ ದಾರಿ ರದ್ದು ಅಂತನೂ ಅವರ ಮಾತಿನ್ಯಾಗ ಐತಿ. ಅರ್ಧ ಬಾಗಲಾ ತಗದಂಗ ಐತಿ, ಪೂರ್ತಿ ಅಲ್ಲ. ನನಗ ಇದು ಅಷ್ಟು ಸಮಾಧಾನ ಕೊಡಲಿಲ್ಲ.

ಹಿಂದಿನ ಖೋಲಿ ಮೂಲ್ಯಾಗ ಶಿಯಾ ಪಂಡಿತರ ಪುಸ್ತಕಾನೂ ಇಟ್ಟಾರ, ಸುನ್ನಿಯವ್ರ ಅಂಗಡ್ಯಾಗ ಇದು ನೋಡಿ ಸೋಜಿಗ ಆತು. ಇರಾನಿನ ಮುರ್ತಜಾ ಮುತಹ್ಹರಿ, 1979ರಾಗ ಕೊಲೆ ಆದವ್ರು, ದೇವರ ನ್ಯಾಯದ ಬಗ್ಗೆನ ಒಂದು ಇಡೀ ಪುಸ್ತಕ ಬರ್ದಾರ. ತಿರುಳು ಇಷ್ಟು: ಸತ್ಯ ಗೊತ್ತಾಗಿ ಹಟಕ್ಕ ಬಿದ್ದು ಒಲ್ಲೆ ಅನ್ನೋನು ಒಬ್ಬ, ಸತ್ಯ ಕೈಗೆ ಸಿಗದ ತನಗ ತಿಳಿದಷ್ಟರಾಗ ಪ್ರಾಮಾಣಿಕ ಇದ್ದಾವ ಇನ್ನೊಬ್ಬ, ಇಬ್ಬರಿಗೂ ಒಂದ ತಕ್ಕಡಿ ಇಲ್ಲ, ಎರಡನೇದವರ ಮ್ಯಾಲ ದೇವರ ದಯಾ ಇರ್ತೈತಿ ಅಂತ ಆಸೆ ಇಡಬೇಕು. ಹಂಗಂತ ಎಲ್ಲಾ ದಾರಿನೂ ಸಮ ಅಂತನೂ ಅವ್ರು ಹೇಳಂಗಿಲ್ಲ. ಉರ್ದು ಓದಾಕ ಬರೋರು ಇದನ್ನ ಮೊದಲ ಕೇಳ್ರಿ. ನನಗ ಚಾಚಾ ಅಲ್ಲೊಂದು ಇಲ್ಲೊಂದು ಪಾನು ಓದಿ ಕನ್ನಡದಾಗ ಹೇಳಿದ್ರು, ಅದಕ್ಕ ರೊಕ್ಕ ಕೇಳಲಿಲ್ಲ, ಚಹಾನೂ ಅವರ ಕಡಿಂದನ ಬಂತು.

ನಡುವ ಚಾಚಾ ಒಂದು ಕೆಲಸ ಹಚ್ಚಿದ್ರು, ಇಬ್ರಾಹಿಂ ರೋಜಾಕ್ಕ ಹೋಗಿ ಬಾ ಅಂತ. ಸರಸ್ವತಿ ಗಣಪತಿ ಮ್ಯಾಲ ಪದ ಕಟ್ಟಿ ಮಂದಿ ಬಾಯಾಗ ಜಗದ್ಗುರು ಅನಿಸಿಕೊಂಡ ಎರಡನೇ ಇಬ್ರಾಹಿಂ ಆದಿಲ್‌ಶಾಹಿ ಗೋರಿ ಅಲ್ಲಿ, ಆ ಕಟ್ಟಡದಾಗ ಕೆತ್ತಿದ ಆಯತ್‌ಗೋಳಾಗ 3ನೇ ಸೂರಾದ 67 ಐತಿ, ಇಬ್ರಾಹಿಂ ಯಹೂದಿಯೂ ಅಲ್ಲ ಕ್ರೈಸ್ತನೂ ಅಲ್ಲ, ಒಬ್ಬ ದೇವರ ಕಡಿ ಹೊಳ್ಳಿದಾವ, ಬಹುದೇವ ಪೂಜಕರವನಂತೂ ಅಲ್ಲ ಅಂತ. ಬಾದಶಾಹನ ಹೆಸ್ರೂ ಇಬ್ರಾಹಿಂ ಆದದ್ದಕ್ಕ ಆರಿಸಿರಬೇಕು, ಅವನ ಬಗ್ಗೆ ಗುಸುಗುಸು ಮಾತಾಡೋರಿಗೆ ಉತ್ತರನೂ ಇದ್ದೀತು. ಅರಬ್ಬಿ ಓದಾಕ ಬರದ ನಮ್ಮಂಥವ್ರಿಗೆ ಎಲ್ಲಾ ಬಳ್ಳಿ ಹೂವಿನಂಗ ಕಾಣ್ತೈತಿ ಬಿಡ್ರಿ, ಗೊತ್ತಿದ್ದವ್ರನ್ನ ಕರ್ಕೊಂಡ ಹೋಗ್ರಿ.

ಇನ್ನ ಕಿರಿಕಿರಿ. ಚಾಚಾ ಇಲ್ಲದಾಗ ಹೋದ್ರ ಬರೇ ಅಂಗಡಿ ಹುಡುಗ ಇರ್ತಾನ, ಅಂವಾ ಅತ್ತರ್ ಬಿಟ್ಟು ಬ್ಯಾರೆ ಏನ ಕೇಳಿದ್ರೂ "ಚಾಚಾ ಬರ್ತಾರ್ರಿ ಅಣ್ಣಾರ" ಅಂತ ಮೊಬೈಲ್ ಒಳಗ ಹೋಗ್ತಾನ. ಹಿಂದಿನ ಖೋಲ್ಯಾಗ ಬೆಳಕು ಕಡಿಮಿ, ಧೂಳ ಭಾಳ, ಅಲರ್ಜಿ ಇದ್ದವ್ರು ಮಾಸ್ಕ್ ಹಾಕ್ಕೊಂಡ ಹೋಗ್ರಿ. ಫೋನ್‌ಪೇ ಐತಿ ಅಂತ ಸ್ಟಿಕ್ಕರ್ ಹಚ್ಚ್ಯಾರ ಆದ್ರ ನೆಟ್‌ವರ್ಕ್ ಹಿಡಿಯಂಗಿಲ್ಲ, ರೊಕ್ಕ ಕೈಯಾಗ ಇರಲಿ. ಶುಕ್ರವಾರ ಮಧ್ಯಾಹ್ನ ಬಂದ್, ಉಳಿದ ದಿನ ಸಂಜಿ ಅಸರ್ ನಮಾಜ್ ಆದ ಮ್ಯಾಲ ಹೋದ್ರ ಚಾಚಾ ಸಿಗ್ತಾರ, ಮಗ್ರಿಬ್ (ಹೊತ್ತು ಮುಳುಗಿದ ಮ್ಯಾಲಿನ ನಮಾಜ್) ತನಕ ಪುರಸೊತ್ತು ಇರ್ತೈತಿ. ಹೆಣ್ಮಕ್ಕಳು ಆರಾಮ ಹೋಗಬಹುದು, ನಮ್ಮ ವೈನಿ ಒಮ್ಮಿ ಬಂದಿದ್ರು, ನನ್ನಕಿಂತ ಹೆಚ್ಚಿಗಿ ಪ್ರಶ್ನೆ ಕೇಳಿ ಬಂದ್ರು.

ಒಂದು ಸ್ಟಾರ್ ಕಡಿದದ್ದು ಆ ಪಾಂಪ್ಲೆಟ್ ಸಲುವಾಗಿ. ಇಷ್ಟೆಲ್ಲಾ ಹಿಂದಿನ ಖೋಲ್ಯಾಗ ಇಟ್ಕೊಂಡು, ಹೊರಗಿನವನ ಕಣ್ಣಿಗೆ ಮೊದಲ ಬೀಳೋ ಜಾಗಾದಾಗ ಅದನ್ನ ಯಾಕ ಇಟ್ಟೀರಿ ಅಂತ ಚಾಚಾಗೆ ಕೇಳಿದ್ರ ಯಾರೋ ತಂದು ಇಟ್ಟು ಹೋಗ್ತಾರ, ಪುಸ್ತಕದ ಅಂಗಡಿ ಐತಿ ಬ್ಯಾಡ ಅಂತ ಹೆಂಗ ಅನ್ನಲಿ ಅಂದ್ರು. ಹಂಗಾರ ಅದರ ಬಾಜೂಕ ಗಜಾಲಿ ಹೇಳಿದ ಆ ಮೂರು ಗುಂಪಿಂದು ಒಂದು ಪಾನು ಕನ್ನಡದಾಗ ಛಾಪಿಸಿ ಇಡ್ರಿ, ಛಾಪಖಾನಿ ಖರ್ಚು ನಾ ಕೊಡ್ತೀನಿ ಅಂದೀನಿ. ಉರ್ದುದಿಂದ ಕನ್ನಡಕ್ಕ ಮಾಡೋರು ಬೇಕಾಗ್ಯಾರ, ವಿಜಯಪುರ ಕಡಿ ಯಾರರ ಇದ್ರ ಅಸರ್ ಆದ ಮ್ಯಾಲ ಅಂಗಡಿಗೆ ಬರ್ರಿ, ಆ ಇಂಜಿನಿಯರಿಂಗ್ ಹುಡುಗ ಪ್ರೂಫ್ ನೋಡ್ತೀನಿ ಅಂದಾನ, ತಕರಾರಿದ್ರ ತಳದಾಗ ಟಿಪ್ಪಣಿ ಹಾಕ್ತಾನಂತ.